128 ಜಿಬಿ ಅಂತ ಬರೆದು 8 ಜಿಬಿ ಕೊಡುವುದು ತೂಕದ ಮೋಸ

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವ ರೈತನಿಗೆ ತಕ್ಕಡಿ ಮೇಲೆ ಕಣ್ಣಿಡೋದನ್ನ ಯಾರೂ ಕಲಿಸಬೇಕಾಗಿಲ್ಲ. ಚೀಲಕ್ಕೆ ಅರ್ಧ ಕೆಜಿ ಕಡಿಮೆ ಬಂದರೆ ಅಲ್ಲೇ ನಿಂತು ಕೇಳುತ್ತಾನೆ. ಜಗಳ ಆಗುತ್ತೆ, ನಾಲ್ಕು ಜನ ಸೇರುತ್ತಾರೆ, ಮತ್ತೆ ತೂಗುತ್ತಾರೆ. ಅದೇ ರೈತನ ಮಗ ತಾಲ್ಲೂಕಿನ ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ 128 ಜಿಬಿ ಅಂತ ಬರೆದ ಮೆಮೊರಿ ಕಾರ್ಡ್ ಕೊಳ್ಳುತ್ತಾನೆ. ಒಳಗೆ 8 ಜಿಬಿ ಜಾಗವೂ ಇಲ್ಲ ಅಂತ ತಿಂಗಳ ಮೇಲೆ ಗೊತ್ತಾಗುತ್ತೆ. ಆಗ ಜಗಳ ಇಲ್ಲ, ನಾಲ್ಕು ಜನ ಸೇರೋದಿಲ್ಲ. "ನನಗೇ ತಿಳೀಲಿಲ್ಲ" ಅಂತ ತನ್ನನ್ನೇ ಬೈದುಕೊಂಡು ಸುಮ್ಮನಾಗುತ್ತಾನೆ.

ಇದು ತಿಳಿವಳಿಕೆಯ ಪ್ರಶ್ನೆ ಅಲ್ಲ, ತೂಕದ ಮೋಸ. ಅದನ್ನು ಆ ಹೆಸರಿನಿಂದಲೇ ಕರೆಯಬೇಕು ಅನ್ನೋದಕ್ಕೆ ಇದನ್ನು ಬರೆಯುತ್ತಿದ್ದೇವೆ.

ಮೊದಲು ನಮ್ಮದೇ ಕಥೆ

ಹೋದ ವರ್ಷ ಶ್ರಾವಣದಲ್ಲಿ ನಾವು ಮೂವರು ಪಕ್ಕದ ಊರಿನ ಒಬ್ಬ ಅಜ್ಜಿಯ ಬೀಸುವ ಪದಗಳನ್ನು ರೆಕಾರ್ಡ್ ಮಾಡೋಕೆ ಹೋಗಿದ್ದೆವು. ಎಂಬತ್ತು ದಾಟಿದ ಜೀವ. ಬೀಸುವ ಕಲ್ಲು ಹಿತ್ತಲು ಸೇರಿ ಎಷ್ಟೋ ವರ್ಷ ಆಗಿತ್ತು. ನಾವು ಕೇಳಿದ್ದಕ್ಕೆ ಸೊಸೆ ಕೈಲಿ ತೊಳೆಸಿ ಒಳಗೆ ತರಿಸಿದರು. ಗೂಟ ಕೈಗೆ ಸಿಕ್ಕರೆ ಮಾತ್ರ ಪದ ಬಾಯಿಗೆ ಬರತೈತಿ ಅಂದರು. ಮೂರು ದಿನ ಹಾಡಿದರು.

ನಮ್ಮ ಫೋನಿನಲ್ಲಿ ಜಾಗ ಕಡಿಮೆ. ಅದಕ್ಕೇ ಹೊಸ ಮೆಮೊರಿ ಕಾರ್ಡ್ ತಂದಿದ್ದೆವು. ಮೇಲೆ 128 ಜಿಬಿ ಅಂತ ಇತ್ತು. ಬೆಲೆ 350 ರೂಪಾಯಿ. ಬಿಲ್ ಇಲ್ಲ. ದಿನಾ ಸಂಜೆ ವಿಡಿಯೊಗಳನ್ನು ಕಾರ್ಡಿಗೆ ಹಾಕುತ್ತಿದ್ದೆವು. ಕಾರ್ಡಿನಲ್ಲಿ ಫೈಲಿನ ಹೆಸರು ಕಂಡ ಮೇಲೆ ಫೋನಿನಿಂದ ಅಳಿಸುತ್ತಿದ್ದೆವು.

ವಾರ ಬಿಟ್ಟು ಕಂಪ್ಯೂಟರಿಗೆ ಹಾಕಿದರೆ ಮೊದಲ ದಿನದ ಒಂದು ಗಂಟೆ ಮಾತ್ರ ಓಡಿತು. ಉಳಿದ ಎಲ್ಲ ಫೈಲುಗಳ ಹೆಸರು ಇದೆ, ಸೈಜು ಇದೆ, ಒತ್ತಿದರೆ ಕಪ್ಪು ಪರದೆ. ನಮ್ಮ ಫೋನಿನಲ್ಲಿ ಒಂದು ನಿಮಿಷದ ವಿಡಿಯೊಗೆ ಸುಮಾರು 130 ಎಂಬಿ ಬೇಕು. 8 ಜಿಬಿ ಅಂದರೆ ಒಂದು ಗಂಟೆ. ಲೆಕ್ಕ ಸರಿಯಾಗಿ ಕೂತಿತು.

ದೀಪಾವಳಿ ಮುಗಿಸಿ ಮತ್ತೆ ಹೋಗೋಣ ಅಂದುಕೊಂಡಿದ್ದೆವು. ಅಷ್ಟರಲ್ಲಿ ಅಜ್ಜಿ ತೀರಿಕೊಂಡರು. ಮೊಮ್ಮಗ ಈಗಲೂ ಸಿಕ್ಕಾಗೆಲ್ಲ ಕೇಳುತ್ತಾನೆ, "ಅಣ್ಣಾ, ಉಳಿದ ಪದ ಯಾವಾಗ ಕೊಡ್ತೀರಿ?" ಅವನಿಗೆ ಏನು ಹೇಳೋದು?

ಅಂಗಡಿಗೆ ಹೋದೆವು. ಅಂಗಡಿಯವರು ಮುಖ ಎತ್ತಲಿಲ್ಲ. "ಅದು ಹಂಗ ಬರತೈತ್ರೀ. ಮೇಲಿಂದನ ಹಂಗ ಕಳಸ್ತಾರ. ಬೇಕಂದ್ರ ಬ್ಯಾರೇದು ಒಯ್ರಿ." ಇನ್ನೊಂದು ಕೊಟ್ಟರು. ಅದನ್ನೂ ಪರೀಕ್ಷೆ ಮಾಡಿದೆವು. ಅದೂ ಅದೇ ಜಾತಿ.

ಮೋಸ ಒಳಗೆ ಹೇಗೆ ನಡೆಯುತ್ತೆ

ಪೆನ್‌ಡ್ರೈವ್ ಆಗಲಿ, ಮೆಮೊರಿ ಕಾರ್ಡ್ ಆಗಲಿ, ಒಳಗೆ ಮುಖ್ಯವಾಗಿ ಎರಡು ಭಾಗ. ಒಂದು, ಫೋಟೊ ವಿಡಿಯೊ ಕೂರುವ ಮೆಮೊರಿ ಚಿಪ್. ಇನ್ನೊಂದು, ಎಲ್ಲಿ ಏನಿಟ್ಟಿದೆ ಅಂತ ಲೆಕ್ಕ ಇಡುವ ಕಂಟ್ರೋಲರ್. ಹಗೇವು ಮತ್ತು ಹಗೇವಿನ ಲೆಕ್ಕದ ಪುಸ್ತಕ ಅಂತ ತಿಳಿದುಕೊಳ್ಳಿ.

ಹಗೇವಿನಲ್ಲಿ 8 ಚೀಲ ಜೋಳಕ್ಕೆ ಜಾಗ. ಪುಸ್ತಕದಲ್ಲಿ ಮಾತ್ರ 128 ಚೀಲದ ಜಾಗ ಅಂತ ಯಾರೋ ತಿದ್ದಿದ್ದಾರೆ. ನೀವು ಒಂಬತ್ತನೇ ಚೀಲ ತಂದಾಗ ಲೆಕ್ಕದವನು ಬೇಡ ಅನ್ನೋದಿಲ್ಲ. ಒಂದೋ ಅದನ್ನು ಹೊರಗೆ ಚೆಲ್ಲುತ್ತಾನೆ, ಇಲ್ಲವೇ ಮೊದಲು ಇಟ್ಟ ಚೀಲ ಎತ್ತಿ ಹೊರಗೆ ಹಾಕಿ ಅಲ್ಲಿ ಇದನ್ನು ಇಡುತ್ತಾನೆ. ಪುಸ್ತಕದಲ್ಲಿ ಮಾತ್ರ ಒಂಬತ್ತು, ಹತ್ತು, ಹನ್ನೊಂದು ಅಂತ ನೀಟಾಗಿ ಬರೆಯುತ್ತಾ ಹೋಗುತ್ತಾನೆ. ನಿಮ್ಮ ಫೋನು, ಕಂಪ್ಯೂಟರು ನೋಡೋದು ಆ ಪುಸ್ತಕವನ್ನು. ಹಗೇವಿಗೆ ಇಳಿದು ನೋಡೋದಿಲ್ಲ. ಅದಕ್ಕೇ ಫೈಲಿನ ಹೆಸರು ಕಾಣುತ್ತೆ, ಫೈಲು ಇರೋದಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಇದು ಕೆಟ್ಟುಹೋದ ಮಾಲು ಅಲ್ಲ. ಯಂತ್ರದಲ್ಲಿ ಅಕಸ್ಮಾತ್ ಆದ ದೋಷವೂ ಅಲ್ಲ. ಕಂಟ್ರೋಲರಿನೊಳಗಿನ ಲೆಕ್ಕವನ್ನು ಯಾರೋ ಕೂತು ಬೇಕಂತಲೇ ತಿದ್ದಬೇಕು. ಮೇಲಿನ ಸ್ಟಿಕ್ಕರ್ ಬೇಕಂತಲೇ ಅಚ್ಚು ಹಾಕಿಸಬೇಕು. ಹಾಗಾಗಿ "ಅದು ಹಂಗ ಬರತೈತಿ" ಅನ್ನೋ ಮಾತು ಸುಳ್ಳು. ಹಾಗೆ ಬರೋದಿಲ್ಲ, ಹಾಗೆ ಮಾಡಿ ಕಳಿಸುತ್ತಾರೆ.

ಎಲ್ಲವೂ ಮೋಸ ಅಲ್ಲ

ನ್ಯಾಯದ ಮಾತು ಆಡುವಾಗ ಎರಡೂ ಕಡೆ ಆಡಬೇಕು. 64 ಜಿಬಿ ಪೆನ್‌ಡ್ರೈವ್ ಕಂಪ್ಯೂಟರಿನಲ್ಲಿ ಸುಮಾರು 59.6 ಜಿಬಿ ಅಂತ ತೋರಿಸಿದರೆ ಅದು ಮೋಸ ಅಲ್ಲ. ಕಂಪನಿ 1 ಜಿಬಿ ಅಂದರೆ 100 ಕೋಟಿ ಬೈಟ್ ಅಂತ ಲೆಕ್ಕ ಹಿಡಿಯುತ್ತೆ. ವಿಂಡೋಸ್ ಕಂಪ್ಯೂಟರು 107 ಕೋಟಿಗೂ ಸ್ವಲ್ಪ ಹೆಚ್ಚು ಅಂತ ಲೆಕ್ಕ ಹಿಡಿಯುತ್ತೆ. ಹಳೇ ಸೇರು, ಹೊಸ ಲೀಟರು ಇದ್ದ ಹಾಗೆ. ಇದೇ ಕಾರಣಕ್ಕೆ 1 ಟಿಬಿ ಹಾರ್ಡ್ ಡಿಸ್ಕ್ 931 ಜಿಬಿ ಅಂತ ಕಾಣುತ್ತೆ.

ಪೆನ್‌ಡ್ರೈವಿನಲ್ಲಿ ಜಾಗ ಇದ್ದರೂ 4 ಜಿಬಿಗಿಂತ ದೊಡ್ಡ ಒಂದೇ ಸಿನಿಮಾ ಫೈಲು ಹೋಗದಿದ್ದರೆ ಅದೂ ಮೋಸ ಅಲ್ಲ. ಫ್ಯಾಟ್32 ಅನ್ನೋ ಹಳೇ ಜೋಡಣೆಯ ಮಿತಿ ಅದು. ಎಕ್ಸ್‌ಫ್ಯಾಟ್ ಅಂತ ಫಾರ್ಮ್ಯಾಟ್ ಮಾಡಿದರೆ ಹೋಗುತ್ತೆ. ಆದರೆ ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತೆ, ಮೊದಲು ಬೇರೆ ಕಡೆ ಇಟ್ಟುಕೊಳ್ಳಿ.

ಇವಕ್ಕೆ ಅಂಗಡಿಯವರ ಮೇಲೆ ಹೋಗಬೇಡಿ. ಇಂಥ ಸಣ್ಣದಕ್ಕೆ ಜಗಳ ತೆಗೆದರೆ ನಿಜವಾದ ಮೋಸ ಹಿಡಿದಾಗ ನಮ್ಮ ಮಾತಿಗೆ ಬೆಲೆ ಇರೋದಿಲ್ಲ.

ವಾರಂಟಿ ಇರೋದು ಡಬ್ಬಿಗೆ

ನಕಲಿ ಮಾಲು ಬಿಡಿ, ಅಸಲಿ ಕೊಂಡವರ ಗತಿ ಏನು? ನಮ್ಮೂರಿನ ಫೋಟೊ ಸ್ಟುಡಿಯೊದವರು ಬಿಲ್ ಪಡೆದು, ಒಳ್ಳೆ ಕಂಪನಿಯ 1 ಟಿಬಿ ಹಾರ್ಡ್ ಡಿಸ್ಕ್ ಕೊಂಡಿದ್ದರು. ಎಂಟು ತಿಂಗಳಿಗೆ ಟಿಕ್ ಟಿಕ್ ಸದ್ದು ಶುರುವಾಯಿತು. ಒಳಗೆ ಮೂರು ಮದುವೆಯ ಫೋಟೊ, ವಿಡಿಯೊ. ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲಿ. ಮೊದಲ ಸಲ ಹೋದಾಗ ಬಿಲ್ಲಿನ ಜೆರಾಕ್ಸ್ ನಡೆಯೋದಿಲ್ಲ, ಒರಿಜಿನಲ್ ತನ್ನಿ ಅಂದರು. ಎರಡನೇ ಸಲ ತೆಗೆದುಕೊಂಡು ಚೀಟಿ ಕೊಟ್ಟರು. ಮೂರನೇ ಸಲ ಬೇರೆ ಡಿಸ್ಕ್ ಕೊಟ್ಟರು, ಖಾಲಿ. ಮೂರು ದಿನ ಅಂಗಡಿ ಬಂದ್, ಮೂರು ಸಲ ಬಸ್ ಚಾರ್ಜು.

"ಒಳಗಿನ ಫೋಟೊ?" ಅಂದರೆ, "ಡೇಟಾ ನಮ್ಮ ಜವಾಬ್ದಾರಿ ಅಲ್ಲ ಸರ್, ಕಾರ್ಡಿನಲ್ಲಿ ಬರೆದಿದೆ ನೋಡಿ." ಹೌದು, ಬರೆದಿದೆ. ಡಿಸ್ಕ್ ಕೆಟ್ಟರೆ ಡಿಸ್ಕ್ ಕೊಡುತ್ತೇವೆ, ಒಳಗಿನ ಮಾಹಿತಿಗೆ ಹೊಣೆ ಅಲ್ಲ ಅಂತ ಹೆಚ್ಚುಕಡಿಮೆ ಎಲ್ಲ ಕಂಪನಿಗಳ ವಾರಂಟಿ ಕಾಗದವೂ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಹೇಳುತ್ತೆ. ಆದರೆ ಡಬ್ಬಿಯ ಮೇಲೆ ಏನು ಅಚ್ಚು ಹಾಕಿರುತ್ತಾರೆ? ನಗುವ ಮಗು, ಮದುವೆ ಹುಡುಗಿ, ಪ್ರವಾಸದ ಫೋಟೊ. ನೆನಪು ತೋರಿಸಿ ಮಾರುತ್ತಾರೆ, ಕೆಟ್ಟಾಗ ಪ್ಲಾಸ್ಟಿಕ್ಕು ಕಬ್ಬಿಣ ಮಾತ್ರ ವಾಪಸ್ ಕೊಡುತ್ತಾರೆ. ಹಾರ್ಡ್ ಡಿಸ್ಕ್ ಕೆಡೋದು ಸಹಜ, ಯಾವ ಕಂಪನಿಯದ್ದೂ ಒಂದು ದಿನ ಕೆಡುತ್ತೆ. ಒಂದೇ ಕಡೆ ಇಡಬೇಡಿ, ಎರಡು ಕಡೆ ಇಡಿ ಅಂತ ಅದೇ ಡಬ್ಬಿಯ ಮೇಲೆ ದಪ್ಪ ಕನ್ನಡದಲ್ಲಿ ಬರೆಯೋಕೆ ಏನು ಕಷ್ಟ? ಬರೆದರೆ ಮಾರಾಟ ಕಡಿಮೆಯಾದೀತು ಅನ್ನೋ ಭಯವೇ? ಎರಡೆರಡು ಕೊಳ್ಳುತ್ತೇವಲ್ಲ!

ಆ ಸ್ಟುಡಿಯೊದವರು ಮೂರು ಮನೆಗೆ ಹೋಗಿ ಕೈಮುಗಿದರು. ಒಂದು ಮನೆಯವರು ಇವತ್ತಿಗೂ ಅವರ ಜೊತೆ ಮಾತಾಡೋದಿಲ್ಲ. ಕಂಪನಿಯ ಕಡತದಲ್ಲಿ ಮಾತ್ರ ದೂರು ಬಗೆಹರಿದಿದೆ ಅಂತ ಇರುತ್ತೆ.

ಅವರು ಹೇಳುವ ಮಾತು, ನಮ್ಮ ಉತ್ತರ

"350 ರೂಪಾಯಿಗೆ ಮತ್ತೇನ್ ಬರತೈತ್ರೀ?" ಇದು ಅಂಗಡಿಯವರ ಮೊದಲ ಮಾತು. ಒಪ್ಪಿದೆವು. ಹಾಗಾದರೆ 8 ಜಿಬಿ ಅಂತಲೇ ಬರೆದು ಮಾರಿ. ಬಡವರಿಗೆ ಕಡಿಮೆ ಅಕ್ಕಿ ಮಾರಬಹುದು. ಅರ್ಧ ಕೆಜಿ ತೂಗಿ ಒಂದು ಕೆಜಿ ಅನ್ನೋ ಹಾಗಿಲ್ಲ.

"ನಮಗೂ ಮೇಲಿನವರು ಹಂಗ ಕೊಡ್ತಾರ." ಇದರಲ್ಲಿ ನಿಜ ಇದೆ. ಸಣ್ಣ ಅಂಗಡಿಯವರಿಗೂ ಮೋಸ ಆಗಿರಬಹುದು. ಆದರೆ ಒಂದು ಸಲ ಗಿರಾಕಿ ಬಂದು ತೋರಿಸಿದ ಮೇಲೂ ಅದೇ ಡಬ್ಬಿಯಿಂದ ಮಾರಿದರೆ ಅದು ಮೇಲಿನವರ ಮೋಸ ಅಲ್ಲ, ನಿಮ್ಮದು.

"ಹಳ್ಳಿಯವರಿಗೆ ತಿಳಿಯೋದಿಲ್ಲ, ಅದಕ್ಕೇ ಮೋಸ ಹೋಗ್ತಾರೆ." ಇದನ್ನು ಪಟ್ಟಣದ ಓದಿದವರು ಹೇಳುತ್ತಾರೆ. ಇದಕ್ಕೆ ಜರ್ಮನಿಯ ಮಾತು ಹೇಳಬೇಕು. 2025ರ ಆರಂಭದಲ್ಲಿ ಅಲ್ಲಿ ಹೊಸದು ಅಂತ ಮಾರಿದ ಹಾರ್ಡ್ ಡಿಸ್ಕ್‌ಗಳು ಆಗಲೇ ಸಾವಿರಾರು ಗಂಟೆ ಓಡಿದ್ದವು ಅನ್ನೋದನ್ನ ಹೈಸ ಎಂಬ ತಂತ್ರಜ್ಞಾನ ಸುದ್ದಿಸಂಸ್ಥೆ ಬಯಲು ಮಾಡಿತು. ಹಳೇ ಬೈಕಿನ ಮೀಟರ್ ತಿರುಗಿಸಿ ಮಾರುವ ಹಾಗೆ, ಓಡಿದ ಗಂಟೆಯ ಲೆಕ್ಕವನ್ನು ಸೊನ್ನೆ ಮಾಡಿದ್ದರು. ಕೊಂಡವರು ಕಂಪ್ಯೂಟರ್ ಗೊತ್ತಿಲ್ಲದವರೇನೂ ಅಲ್ಲ. ಮೋಸ ಮಾಡುವವನಿಗೆ ಊರು ಯಾವುದಾದರೇನು? ವ್ಯತ್ಯಾಸ ಇರೋದು ಆಮೇಲೆ. ಅಲ್ಲಿ ಗಿರಾಕಿಗಳು ಕೂಗು ಹಾಕಿದರು, ಪತ್ರಿಕೆ ಬರೆಯಿತು, ಕಂಪನಿ ತನಿಖೆಗೆ ಇಳಿಯಬೇಕಾಯಿತು. ಇಲ್ಲಿ ನಾವು ತಲೆ ತಗ್ಗಿಸುತ್ತೇವೆ.

ಬಿಲ್ ಬೇಡ ಅಂದದ್ದು ನಾವೇ

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ಕಾರ್ಡ್ ಕೊಳ್ಳುವಾಗ ಅಂಗಡಿಯವರು ಕೇಳಿದ್ದರು, "ಬಿಲ್ ಬೇಕಂದ್ರ 18 ಪರ್ಸೆಂಟ್ ಜಿಎಸ್‌ಟಿ ಬೀಳತೈತಿ, ಬ್ಯಾಡಂದ್ರ ಇಲ್ಲ." ಬೇಡ ಅಂದೆವು. ಪತ್ರಿಕೋದ್ಯಮ ಓದಿದವರು, ಊರಿಗೆಲ್ಲ ಹಕ್ಕಿನ ಬಗ್ಗೆ ಬರೆಯುವವರು, ಅರವತ್ತು ರೂಪಾಯಿ ಉಳಿಸಿದೆವು. ಆ ಅರವತ್ತು ರೂಪಾಯಿಗೆ ಮೂರು ದಿನದ ಪದ ಹೋಯಿತು, ದೂರು ಕೊಡೋಕೆ ಕೈಯಲ್ಲಿದ್ದ ಆಧಾರವೂ ಹೋಯಿತು.

ಬಿಲ್ ಕೊಡೋದು ಅಂಗಡಿಯವರ ಉಪಕಾರ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಿಲ್ ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೂ ಅದೇ ಪಟ್ಟಿಯಲ್ಲಿದೆ. ಜಿಎಸ್‌ಟಿ ನಂಬರ್ ಇಲ್ಲದ ಸಣ್ಣ ಅಂಗಡಿಯವರೂ ಹೆಸರು, ತಾರೀಖು, ಮಾಲು, ಬೆಲೆ ಬರೆದು ಸಹಿ ಹಾಕಿ ರಸೀದಿ ಕೊಡಬಹುದು.

ದೂರು ಕೊಡೋಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ

1986ರ ಹಳೇ ಕಾಯ್ದೆಯಲ್ಲಿ ಎದುರು ಪಾರ್ಟಿ ಇರುವ ಕಡೆ, ಇಲ್ಲವೇ ವ್ಯವಹಾರ ನಡೆದ ಕಡೆ ದೂರು ಕೊಡಬೇಕಿತ್ತು. 2020ರ ಜುಲೈನಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ನೀವು ವಾಸ ಇರುವ, ಇಲ್ಲವೇ ಕೆಲಸ ಮಾಡುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿ ಮುಂಬೈಯಲ್ಲಿರಲಿ, ಆನ್‌ಲೈನ್ ಮಾರಾಟಗಾರ ದೆಹಲಿಯಲ್ಲಿರಲಿ, ಹಾವೇರಿಯವರು ಹಾವೇರಿಯಲ್ಲೇ ಕೊಡಬಹುದು. ವಕೀಲರು ಕಡ್ಡಾಯ ಅಲ್ಲ. ಮಾಲಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಇ-ಜಾಗೃತಿ ಎಂಬ ಸರ್ಕಾರಿ ಪೋರ್ಟಲಿನಲ್ಲಿ ಕೂತ ಕಡೆಯಿಂದಲೇ ಸಲ್ಲಿಸಬಹುದು. ಬದಲಿ ಮಾಲು, ಹಣ ವಾಪಸ್ ಮಾತ್ರ ಅಲ್ಲ, ಆದ ನಷ್ಟಕ್ಕೆ ಪರಿಹಾರ ಕೊಡಿಸುವ ಅಧಿಕಾರವೂ ಆಯೋಗಕ್ಕಿದೆ.

ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲಿ ಮಾತಾಡಬಹುದು. ಆನ್‌ಲೈನಿನಲ್ಲಿ ಕೊಂಡಿದ್ದರೆ ಆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ 48 ಗಂಟೆಯೊಳಗೆ ದೂರು ಬಂದಿದೆ ಅಂತ ಉತ್ತರ ಕೊಡಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

350 ರೂಪಾಯಿಗೆ ಯಾರು ಇಷ್ಟೆಲ್ಲ ಮಾಡುತ್ತಾರೆ ಅಂತ ನೀವು ಕೇಳಬಹುದು. ಅವರ ವ್ಯಾಪಾರ ನಿಂತಿರೋದೇ ಈ ಮಾತಿನ ಮೇಲೆ. ಒಬ್ಬೊಬ್ಬರಿಗೆ 350 ರೂಪಾಯಿ ಸಣ್ಣದು, ಅದಕ್ಕೇ ಯಾರೂ ಕೇಳೋದಿಲ್ಲ. ಒಂದು ಊರಿನಿಂದ ಹತ್ತು ಜನ ಹತ್ತು ದೂರು ಕೊಟ್ಟರೆ ಆ ಡಬ್ಬಿ ಅಂಗಡಿಯಿಂದ ಇಳಿಯುತ್ತೆ.

ತೂಗಿ ಕೊಳ್ಳಿ

ಮೆಣಸಿನಕಾಯಿ ತೂಗಿಸುವ ಹಾಗೆ ಇದನ್ನೂ ತೂಗಬಹುದು. ನಾವು ಈಗ ಹೀಗೆ ಮಾಡುತ್ತೇವೆ.

ಒಂದು, ಪೊಟ್ಟಣ ನೋಡಿ. ತಯಾರಿಸಿದವರ ಅಥವಾ ಆಮದು ಮಾಡಿಕೊಂಡವರ ಹೆಸರು ವಿಳಾಸ, ಎಂಆರ್‌ಪಿ, ತಿಂಗಳು ವರ್ಷ, ಗ್ರಾಹಕರು ಸಂಪರ್ಕಿಸುವ ನಂಬರ್ ಇರಲೇಬೇಕು. ಕಾನೂನು ಮಾಪನಶಾಸ್ತ್ರದ ನಿಯಮ ಅದು. ಬರೀ ಹೊಳೆಯುವ ಹೆಸರು ಮಾತ್ರ ಇದ್ದರೆ ಕೆಳಗಿಡಿ. 2 ಟಿಬಿ ಪೆನ್‌ಡ್ರೈವ್ 500 ರೂಪಾಯಿ ಅಂದರೆ ನಕ್ಕು ಮುಂದೆ ಹೋಗಿ.

ಎರಡು, ಬಿಲ್ಲಿನ ಮೇಲೆ ಎಷ್ಟು ಜಿಬಿ, ಯಾವ ಕಂಪನಿ ಅಂತ ಬರೆಸಿ. ಹಾರ್ಡ್ ಡಿಸ್ಕ್ ಆದರೆ ಸೀರಿಯಲ್ ನಂಬರೂ ಇರಲಿ. ಆ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ವಾರಂಟಿ ಇದೆಯೋ ಇಲ್ಲವೋ ತಿಳಿಯುತ್ತೆ. ಬಿಲ್ಲಿನ ಫೋಟೊ ತೆಗೆದಿಡಿ, ಒರಿಜಿನಲ್ ಎಸೆಯಬೇಡಿ.

ಮೂರು, ಹೊಸದನ್ನು ಬಳಸುವ ಮೊದಲು ತುಂಬಿ ನೋಡಿ. ವಿಂಡೋಸ್ ಕಂಪ್ಯೂಟರ್ ಇದ್ದರೆ ಎಚ್2ಟೆಸ್ಟ್‌ಡಬ್ಲ್ಯೂ ಅಂತ ಉಚಿತ ತಂತ್ರಾಂಶ ಇದೆ, ಲಿನಕ್ಸಿಗೆ ಎಫ್3 ಇದೆ. ಇಡೀ ಕಾರ್ಡನ್ನು ತುಂಬಿಸಿ, ಮತ್ತೆ ಓದಿ, ನಿಜವಾದ ಜಾಗ ಎಷ್ಟು ಅಂತ ಹೇಳುತ್ತವೆ. ಸೆಕೆಂಡಿಗೆ 10 ಎಂಬಿ ವೇಗದಲ್ಲಿ 64 ಜಿಬಿ ತುಂಬೋಕೆ ಸುಮಾರು ಒಂದು ಮುಕ್ಕಾಲು ಗಂಟೆ ಬೇಕು, ಮತ್ತೆ ಓದೋಕೆ ಬೇರೆ ಸಮಯ. ಕಂಪ್ಯೂಟರ್ ಇಲ್ಲದವರು ಫೋನಿನಿಂದಲೇ ಒಂದು ವಿಡಿಯೊವನ್ನು ಮತ್ತೆ ಮತ್ತೆ ಕಾಪಿ ಮಾಡಿ ಕಾರ್ಡ್ ತುಂಬಿಸಿ. ಕಾರ್ಡ್ ತೆಗೆದು, ಮತ್ತೆ ಹಾಕಿ, ಮೊದಲನೆಯದು, ನಡುವಿನದು, ಕೊನೆಯದು ಓಡುತ್ತವೆಯೇ ನೋಡಿ.

ನಾಲ್ಕು, ನಕಲಿ ಅಂತ ಗೊತ್ತಾದರೆ ಮತ್ತೆ ಏನೂ ಹಾಕಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಓಡುವ ಫೈಲುಗಳನ್ನು ಬೇರೆ ಕಡೆ ತೆಗೆದಿಡಿ. ಕಾರ್ಡ್, ಪೊಟ್ಟಣ, ಪರೀಕ್ಷೆಯ ಪರದೆಯ ಫೋಟೊ ಇಟ್ಟುಕೊಂಡು ಅಂಗಡಿಗೆ ಹೋಗಿ.

ಐದು, ಬೇಕಾದದ್ದು ಎರಡು ಕಡೆ ಇರಲಿ. ಎರಡೂ ಕಡೆ ತೆರೆದು ನೋಡುವವರೆಗೆ ಫೋನಿನಿಂದ ಅಳಿಸಬೇಡಿ. ಇದನ್ನು ನಾವು ಅಜ್ಜಿಯ ಪದ ಕಳೆದುಕೊಂಡು ಕಲಿತೆವು, ನೀವು ಓದಿ ಕಲಿಯಿರಿ.

ಕೊನೆಗೆ

ಹೋದ ತಿಂಗಳು ನಮಗೆ ಮತ್ತೊಂದು ಕಾರ್ಡ್ ಬೇಕಾಯಿತು. ಬೇರೆ ಅಂಗಡಿಗೆ ಹೋಗಿ, ಬಿಲ್ ಬರೆಯಿರಿ, ಟೆಸ್ಟ್ ಮಾಡುತ್ತೇವೆ, ಕಡಿಮೆ ಬಂದರೆ ಹಣ ವಾಪಸ್ ಅಂತ ಬಿಲ್ಲಿನ ಮೇಲೆ ಬರೆದುಕೊಡಿ ಅಂದೆವು. ಅಂಗಡಿಯವರು ಒಂದು ಕ್ಷಣ ನೋಡಿದರು. ಮುಂದೆ ಇಟ್ಟಿದ್ದ ಡಬ್ಬಿ ಪಕ್ಕಕ್ಕೆ ಸರಿಸಿ, ಕೆಳಗಿನ ಡ್ರಾಯರಿನಿಂದ ಬೇರೆ ಕಾರ್ಡ್ ತೆಗೆದರು. "ಇದನ್ನ ಒಯ್ರಿ, ಇದು ಬರೋಬ್ಬರಿ ಐತಿ" ಅಂದರು. ಬೆಲೆ ಹೆಚ್ಚಿತ್ತು. ಪರೀಕ್ಷೆ ಮಾಡಿದೆವು, ಬರೋಬ್ಬರಿ ಇತ್ತು.

ಅಂದರೆ ಅವರಿಗೆ ಯಾವುದು ಅಸಲಿ, ಯಾವುದು ನಕಲಿ ಅಂತ ಮೊದಲೇ ಗೊತ್ತಿತ್ತು. ಕೇಳುವವರಿಗೆ ಒಂದು ಡ್ರಾಯರ್, ಕೇಳದವರಿಗೆ ಒಂದು ಡಬ್ಬಿ. ನಾಳೆ ನೀವು ಅಂಗಡಿಗೆ ಹೋದಾಗ ಕೇಳಿ.